ಹೆಸರಿಗೆ ಓಟು ಹಾಕಿದ್ದು ಸಾಕು, ಪ್ರಶ್ನೆಗೂ ಓಟು ಕೊಡಿ

ಪಟ್ಟಣ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಪಾಲಿಗೆ ಬರುವುದು ಒಂದೇ ಗುಂಡಿ. ಐದು ವರ್ಷಕ್ಕೊಮ್ಮೆ ಒಬ್ಬರ ಹೆಸರಿನ ಮುಂದೆ ಅದನ್ನು ಒತ್ತಿ ಮನೆಗೆ ಬರುತ್ತೇವೆ. ಮನೆಪಟ್ಟಿ ಎಷ್ಟು ಏರಿಸಬೇಕು, ಮದ್ಯದಂಗಡಿ ಯಾವ ಓಣಿಯಲ್ಲಿ ಇರಬಾರದು, ಇರುವ ರೊಕ್ಕದಲ್ಲಿ ಮೊದಲು ಗಟಾರ ಕಟ್ಟಬೇಕೋ ನೀರಿನ ಪೈಪು ಹಾಕಬೇಕೋ, ಇದ್ಯಾವುದನ್ನೂ ನಮ್ಮನ್ನು ಕೇಳುವುದಿಲ್ಲ. ಕೇಳಬೇಕು ಎಂಬುದೇ ನಮ್ಮ ವಾದ.

ರನ್ನ ಬೆಳಗಲಿಯಂಥ ಊರಿಗೆ ಈ ಮಾತು ಹೆಚ್ಚು ತಾಗುತ್ತದೆ. ಗ್ರಾಮ ಪಂಚಾಯಿತಿ ಆಗಿದ್ದ ಊರು ಈಗ ಪಟ್ಟಣ ಪಂಚಾಯಿತಿ. ಬೋರ್ಡು ದೊಡ್ಡದಾಯಿತು, ಕವಿಯ ಹೆಸರೂ ಸೇರಿತು. ಹೋದದ್ದೇನು? ಗ್ರಾಮಸಭೆ ಹೋಯಿತು. ಹಳ್ಳಿಯ ಮತದಾರರೆಲ್ಲ ಸದಸ್ಯರಾಗಿರುವ ಸಭೆ ಅದು. ವರ್ಷಕ್ಕೆ ಕನಿಷ್ಠ ಎರಡು ಸಲ ಸೇರಬೇಕು, ಲೆಕ್ಕ ಓದಬೇಕು, ಫಲಾನುಭವಿಗಳನ್ನು ಆರಿಸಬೇಕು ಎಂದು ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಎಷ್ಟೋ ಕಡೆ ಅದು ಕಾಟಾಚಾರಕ್ಕೆ ನಡೆಯುತ್ತದೆ, ನಿಜ. ಆದರೂ ಎದ್ದು ನಿಂತು 'ಈ ಬಿಲ್ಲು ಯಾಕೆ?' ಎಂದು ಕೇಳುವ ಹಕ್ಕು ಅಲ್ಲಿತ್ತು. ಪಟ್ಟಣವಾದ ಮರುದಿನ ಆ ಹಕ್ಕು ಇಲ್ಲ.

ನಗರಗಳಿಗೆ ವಾರ್ಡ್ ಸಮಿತಿ ಇದೆಯಲ್ಲ ಎನ್ನಬಹುದು. ಸಂವಿಧಾನದ 243ಎಸ್ ವಿಧಿ ಅದನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿಗೆ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಜಿಲ್ಲಾ ಕೇಂದ್ರ ಬಾಗಲಕೋಟೆ, ಯಾವುದೂ ಆ ಲೆಕ್ಕಕ್ಕೆ ಹತ್ತುವುದಿಲ್ಲ. ಅಂದರೆ ಹಳ್ಳಿಗೆ ಗ್ರಾಮಸಭೆ, ಮಹಾನಗರಕ್ಕೆ ವಾರ್ಡ್ ಸಮಿತಿ, ನಡುವಿನ ನಮಗೆ ಏನೂ ಇಲ್ಲ.

ಇದಕ್ಕಿಂತ ಮೊದಲಿನ ಪ್ರಶ್ನೆ: ಊರು ಪಟ್ಟಣವಾಗಬೇಕೇ ಎಂದು ಯಾರು ತೀರ್ಮಾನಿಸುತ್ತಾರೆ? 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಪಟ್ಟಣ ಪಂಚಾಯಿತಿಗೆ 10 ಸಾವಿರದಿಂದ 20 ಸಾವಿರದವರೆಗೆ ಜನಸಂಖ್ಯೆ ಇರಬೇಕು, ದುಡಿಯುವವರಲ್ಲಿ ಅರ್ಧದಷ್ಟಾದರೂ ಒಕ್ಕಲುತನ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ನಿಮ್ಮ ಓಣಿಯಲ್ಲಿ ಎಣಿಸಿ ನೋಡಿ. ಬೆಳಿಗ್ಗೆ ಕಬ್ಬಿನ ಹೊಲಕ್ಕೆ ಹೋಗುವವರು ಎಷ್ಟು ಜನ, ಅಂಗಡಿ-ಆಫೀಸಿಗೆ ಹೋಗುವವರು ಎಷ್ಟು ಜನ? ಪಟ್ಟಣ ಮಾಡುವ ಮುಂಚೆ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುತ್ತದೆ. ಆಕ್ಷೇಪಣೆ ಬರೆದು ಕೊಡುವವರು ನಾಲ್ಕು ಜನ. ಉದ್ಯೋಗ ಖಾತ್ರಿ ಗ್ರಾಮೀಣ ಪ್ರದೇಶಕ್ಕೆ ಮಾತ್ರ, ಊರು ಪಟ್ಟಣವಾದರೆ ಆ ಕೆಲಸ ಸಿಗುವುದಿಲ್ಲ ಎಂಬುದು ಕೂಲಿ ಮಾಡುವ ಹೆಣ್ಣುಮಗಳಿಗೆ ತಿಳಿಯುವುದು ಕೆಲಸ ನಿಂತ ಮೇಲೆ.

'ಅದಕ್ಕೇ ಸದಸ್ಯರನ್ನು ಆರಿಸುತ್ತೀರಲ್ಲ, ಅವರು ಕೇಳುತ್ತಾರೆ' ಎಂಬುದು ಸಿದ್ಧ ಉತ್ತರ. ಆರಿಸಿದ್ದರ ಗತಿ ಏನಾಯಿತು ನೋಡಿ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮತದಾನ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಹತ್ತಿತು. ಅಧ್ಯಕ್ಷರು ಕುರ್ಚಿ ಮೇಲೆ ಕೂತದ್ದು 2020ರ ಕೊನೆಗೆ. ಆ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಊರು ನಡೆಸಿದವರು ನಾವು ಆರಿಸದ ಆಡಳಿತಾಧಿಕಾರಿಗಳು. ಗೆದ್ದವರಿಗೇ ಮಾತಿಲ್ಲದಿದ್ದರೆ ಗೆಲ್ಲಿಸಿದವರ ಮಾತು ಎಲ್ಲಿಗೆ ಮುಟ್ಟೀತು?

ಪ್ರಶ್ನೆಗೆ ಓಟು ಹಾಕುವುದು ಆಗದ ಮಾತಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಚುನಾವಣೆಯ ದಿನವೇ 'ಈ ತೆರಿಗೆ ಬೇಕೇ, ಈ ಸಾಲ ತರಬೇಕೇ' ಎಂದು ಹೌದು-ಬೇಡ ಕೇಳುತ್ತಾರೆ. ಅಷ್ಟು ದೂರ ಯಾಕೆ, ಜಮಖಂಡಿಯಿಂದ ಮಿರಜ್ ಬಸ್ಸು ಹತ್ತಿದರೆ ಸಿಗುವ ಮಹಾರಾಷ್ಟ್ರದಲ್ಲೇ ಇದೆ. ಅಲ್ಲಿ 2008ರ ಸರ್ಕಾರಿ ಆದೇಶದಂತೆ ಕಾಲುಭಾಗ ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಮದ್ಯದಂಗಡಿ ಬಗ್ಗೆ ಗುಪ್ತ ಮತದಾನ ನಡೆಸಬೇಕು. ಚೀಟಿಯ ಮೇಲೆ ಎರಡು ಬಾಟ್ಲಿ ಚಿತ್ರ, ಒಂದು ನಿಂತದ್ದು, ಇನ್ನೊಂದು ಅಡ್ಡ ಬಿದ್ದದ್ದು. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟ್ಲಿಗೆ ಓಟು ಹಾಕಿದರೆ ಅಂಗಡಿ ಬಂದ್. ಅಕ್ಷರ ಬಾರದ ಅಜ್ಜಿಗೂ ತಿಳಿಯುವ ಮತಚೀಟಿ ಅದು. ನಮ್ಮ ರಾಜ್ಯದ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಆಚೆಯವರಿಗೆ ಚೀಟಿ, ನಮ್ಮವರಿಗೆ ಕಾಲುನಡಿಗೆ.

ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 2013ರಲ್ಲಿ ಗ್ರಾಮಸಭೆಗಳ ಮುಂದೆ ಇಡಿಸಿತು. ಸಭೆ ಸೇರಿದ 12 ಹಳ್ಳಿಗಳೂ ಬೇಡ ಎಂದವು. ದೊಡ್ಡ ಕಂಪನಿಯ ಗಣಿಯೇ ನಿಂತಿತು. ಗುಡ್ಡದ ಜನಕ್ಕೆ ಆದದ್ದು ನಮಗೆ ಆಗುವುದಿಲ್ಲವೇ?

'ಪ್ರಶ್ನೆಗೂ ರೊಕ್ಕ ಹಂಚ್ತಾರ' ಎನ್ನುವವರಿದ್ದಾರೆ. ಹಂಚಬಹುದು. ಹೆಸರಿಗೆ ಹಂಚುತ್ತಿಲ್ಲವೇ? ಅದಕ್ಕಾಗಿ ಚುನಾವಣೆಯನ್ನೇ ಬಿಟ್ಟಿಲ್ಲವಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಹೆಚ್ಚು ಜನರಿರುವ ಓಣಿ ಕಡಿಮೆ ಜನರಿರುವ ಓಣಿಯನ್ನು ತುಳಿದರೆ? ಅದಕ್ಕೇ ಒಂದು ಗೆರೆ ಬೇಕು. ಕುಡಿಯುವ ನೀರು, ಸ್ಮಶಾನ, ದಲಿತ ಕೇರಿಯ ಪಾಲಿನ ಅನುದಾನ, ಇವು ಓಟಿಗೆ ಇಡುವ ವಿಷಯವೇ ಅಲ್ಲ. ಹಕ್ಕನ್ನು ಕೈ ಎತ್ತಿಸಿ ಎಣಿಸಬಾರದು.

ನಾವು ಕೇಳುವುದು ಮೂರು. ಒಂದು, ಪಟ್ಟಣದ ಪ್ರತಿ ವಾರ್ಡಿಗೂ ವರ್ಷಕ್ಕೆ ಎರಡು ಸಭೆ, ಗ್ರಾಮಸಭೆಯಂತೆಯೇ ಕಾಯ್ದೆಯ ಬಲದಿಂದ. ಎರಡು, ಊರಿನ ಹತ್ತರಲ್ಲಿ ಒಬ್ಬ ಮತದಾರ ಸಹಿ ಮಾಡಿದ ಪ್ರಶ್ನೆಯನ್ನು ಚುನಾವಣೆಯ ದಿನವೇ ಮತಕ್ಕೆ ಹಾಕಬೇಕು. ಮೂರು, ಯಾವ ಹಳ್ಳಿಯನ್ನಾದರೂ ಪಟ್ಟಣ ಮಾಡುವ ಮುಂಚೆ, ಪಕ್ಕದ ಪುರಸಭೆಗೆ ಸೇರಿಸುವ ಮುಂಚೆ, ಆ ಹಳ್ಳಿಯ ಮತದಾನ ಆಗಬೇಕು.

ಇದಕ್ಕೆ ಕಾಯ್ದೆ ತಿದ್ದಬೇಕು, ಅದು ಬೆಂಗಳೂರಿನಲ್ಲಿ ಆಗುವ ಕೆಲಸ. ಆದರೆ ವಾರ್ಡಿನ ಜನರನ್ನು ಗುಡಿಯ ಕಟ್ಟೆಗೋ ಶಾಲೆಯ ಅಂಗಳಕ್ಕೋ ಕರೆದು, ಬಂದ ಅನುದಾನದ ಲೆಕ್ಕ ಓದಲು ಸದಸ್ಯರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ಸಲ ಕೈ ಮುಗಿಯುತ್ತ ಬಾಗಿಲಿಗೆ ಬಂದವರನ್ನು ಇಷ್ಟೇ ಕೇಳಿ: 'ಅಣ್ಣಾ, ಗೆದ್ದ ಮ್ಯಾಲ ವಾರ್ಡಿನ ಸಭಾ ಯಾವಾಗ ಕರೀತೀರಿ? ತಾರೀಖು ಹೇಳ್ರಿ.' ತಾರೀಖು ಹೇಳದವರಿಗೆ ಓಟಿನ ಭರವಸೆ ಕೊಡಬೇಡಿ.