ಮಾತಿಗೂ ಒಂದು ಸರದಿ ಬೇಕು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಈ ಗಾದೆಯ ಮೊದಲರ್ಧವನ್ನು ನಾವು ಅಷ್ಟಿಷ್ಟಾದರೂ ಪಾಲಿಸುತ್ತೇವೆ. ತಪಸ್ಸುಕಾಲದಲ್ಲಿ ಉಪವಾಸವಿರುತ್ತೇವೆ; ವೈದ್ಯರು ಹೇಳಿದರೆ ಉಪ್ಪು, ಸಕ್ಕರೆಯನ್ನೂ ಬಿಡುತ್ತೇವೆ. ಆದರೆ ಮಾತಿಗೂ ಅಳತೆಯಿರಲಿ ಎಂದು ಯಾರಾದರೂ ಸೂಚಿಸಿದರೆ ಸಾಕು, ಸಿಡಿದೇಳುತ್ತೇವೆ. ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರು ದಿನಕ್ಕೆ ಎರಡು ಸಂದೇಶಗಳಿಗಿಂತ ಹೆಚ್ಚು ಹಾಕಬಾರದು ಎಂಬ ಮಾತೆತ್ತಿದೊಡನೆ ‘ಇದು ಬಾಯಿಗೆ ಬೀಗ ಹಾಕುವ ಕೆಲಸ’ ಎಂಬ ಕೂಗು ಏಳುತ್ತದೆ. ಈ ಕೂಗು ಎಷ್ಟರಮಟ್ಟಿಗೆ ನ್ಯಾಯವಾದುದು? ಇಂತಹ ಮಿತಿ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಈಗಾಗಲೇ ಮುಚ್ಚಿಹೋಗಿರುವ ಬಾಯಿಗಳನ್ನು ತೆರೆಸುತ್ತದೆ ಎಂಬುದೇ ನನ್ನ ವಾದ.

ನಿಮ್ಮ ಗುಂಪನ್ನೇ ತೆರೆದು ಕಳೆದ ಒಂದು ವಾರದ ಸಂದೇಶಗಳನ್ನು ಎಣಿಸಿ ನೋಡಿ. ಇನ್ನೂರು ಮುನ್ನೂರು ಸದಸ್ಯರ ನಡುವೆ ಎಷ್ಟು ಮಂದಿಯ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ? ಮುಂಜಾನೆಯ ಹೂವಿನ ಚಿತ್ರಗಳು, ಹತ್ತು ಮಂದಿಗೆ ಕಳುಹಿಸದಿದ್ದರೆ ಕೇಡಾಗುವುದೆಂದು ಹೆದರಿಸುವ ಪ್ರಾರ್ಥನೆಗಳು, ಹಬ್ಬದ ಲೆಕ್ಕಪತ್ರವನ್ನೋ ಪೂಜೆಯ ಭಾಷೆಯನ್ನೋ ಹಿಡಿದು ಇಬ್ಬರು ನಡುರಾತ್ರಿಯವರೆಗೆ ನಡೆಸುವ ವಾಗ್ಯುದ್ಧ. ಇವುಗಳ ಅಡಿಯಲ್ಲಿ ಒಬ್ಬ ಹಿರಿಯರ ಅಂತ್ಯಕ್ರಿಯೆಯ ಸಮಯವೂ, ಆಸ್ಪತ್ರೆಯಲ್ಲಿರುವ ತಾಯಿಗೆ ಬೇಕಾದ ರಕ್ತದ ಕೋರಿಕೆಯೂ ಹೂತುಹೋಗುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕ, ಒಂದೊಂದೇ ಅಕ್ಷರ ಹುಡುಕಿ ಒತ್ತುವ ವೃದ್ಧೆ, ಹಿರಿಯರ ಮುಂದೆ ಮಾತನಾಡಲು ಅಂಜುವ ಯುವತಿ, ಇವರು ತಮ್ಮ ಒಂದು ಸಾಲನ್ನು ಬರೆದು ಮುಗಿಸುವಷ್ಟರಲ್ಲಿ ಚರ್ಚೆ ಎಲ್ಲಿಂದೆಲ್ಲಿಗೋ ಸಾಗಿರುತ್ತದೆ. ಕೊನೆಗೆ ‘ಯಾರೂ ವಿರೋಧಿಸಲಿಲ್ಲ, ಎಲ್ಲರೂ ಒಪ್ಪಿದ್ದಾರೆ’ ಎಂಬ ತೀರ್ಮಾನ ಹೊರಬೀಳುತ್ತದೆ! ಸರದಿ ಸಿಗದವರ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಅನ್ಯಾಯವಲ್ಲದೆ ಮತ್ತೇನು?

ಇದು ಮೊಬೈಲಿನೊಂದಿಗೆ ಹುಟ್ಟಿದ ರೋಗವಲ್ಲ. ಕೊರಿಂಥದ ಸಭೆಗೂ ಇದೇ ಬೇನೆ ತಗಲಿತ್ತು. ಸಂತ ಪೌಲರು ಆ ಸಭೆಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ನೀಡಿದ ಪರಿಹಾರವೇನು? ‘ಒಳ್ಳೆಯದನ್ನೇ ಮಾತನಾಡಿ’ ಎಂಬ ಸಾಮಾನ್ಯ ಉಪದೇಶಕ್ಕೆ ಅವರು ತೃಪ್ತರಾಗಲಿಲ್ಲ, ಲೆಕ್ಕವನ್ನೇ ಹೇಳಿದರು. ಅನ್ಯಭಾಷೆಗಳಲ್ಲಿ ನುಡಿಯುವವರು ಇಬ್ಬರು, ಹೆಚ್ಚೆಂದರೆ ಮೂವರು. ಅದೂ ಒಬ್ಬರಾದ ಮೇಲೊಬ್ಬರು. ಪಕ್ಕದಲ್ಲಿ ಕುಳಿತವನಿಗೆ ದೈವಪ್ರೇರಣೆಯಾದರೆ ಮಾತನಾಡುತ್ತಿರುವವನು ಸುಮ್ಮನಾಗಬೇಕು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪೌಲರು ಮಿತಿ ಹಾಕಿದ್ದು ಹರಟೆಗಲ್ಲ, ಪವಿತ್ರಾತ್ಮರ ವರಗಳ ಬಳಕೆಗೆ. ಪವಿತ್ರಾತ್ಮರ ವರಕ್ಕೇ ಸರದಿ ಬೇಕಾದರೆ, ಯಾರೋ ಕಳುಹಿಸಿದ್ದನ್ನು ಓದದೆಯೇ ಮುಂದೂಡುವ ನಮ್ಮ ಹೆಬ್ಬೆರಳಿಗೆ ಬೇಡವೇ?

ಧರ್ಮಸಭೆ ಈ ಪಾಠವನ್ನು ಮರೆತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಸೇರಿದ್ದರು. ಒಬ್ಬೊಬ್ಬರ ಭಾಷಣಕ್ಕೆ ಹತ್ತು ನಿಮಿಷಗಳ ಮಿತಿಯಿತ್ತು. 1962ರ ಅಕ್ಟೋಬರ್ 30ರಂದು ದೈವಾರಾಧನಾ ವಿಧಿಯ ಚರ್ಚೆಯಲ್ಲಿ ಕಾರ್ಡಿನಲ್ ಒತ್ತಾವಿಯಾನಿಯವರು ಆ ಮಿತಿಯನ್ನು ಮೀರಿದರು. ಅವರು ರೋಮ್‌ನ ವಿಶ್ವಾಸರಕ್ಷಣಾ ಪೀಠದ ಮುಖ್ಯಸ್ಥರು, ಅಂದಿನ ಅತ್ಯಂತ ಪ್ರಭಾವಿ ವ್ಯಕ್ತಿಗಳಲ್ಲೊಬ್ಬರು. ಆದರೂ ಅಧ್ಯಕ್ಷತೆ ವಹಿಸಿದ್ದ ಡಚ್ ಕಾರ್ಡಿನಲ್ ಆಲ್ಫ್ರಿಂಕ್ ಅವರನ್ನು ತಡೆದರು, ಧ್ವನಿವರ್ಧಕವನ್ನು ನಿಲ್ಲಿಸಲಾಯಿತು. ಆಗ ಸಭೆಯಲ್ಲಿ ಕೇಳಿಬಂದ ಚಪ್ಪಾಳೆಯನ್ನು ನಾನು ಮೆಚ್ಚಲಾರೆ; ದೃಷ್ಟಿ ಮಂದವಾಗಿದ್ದ ಆ ಹಿರಿಯರಿಗೆ ಅದರಿಂದ ನೋವಾಯಿತು. ಆದರೆ ನಿಯಮ ಬಲಶಾಲಿಗೂ ಅನ್ವಯಿಸಿತು ಎಂಬುದು ಸಣ್ಣ ಸಂಗತಿಯಲ್ಲ. 2023ರ ಅಕ್ಟೋಬರಿನ ಸಿನೊಡ್ ಇನ್ನೂ ಮುಂದೆ ಹೋಯಿತು. ಕಾರ್ಡಿನಲರು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ಒಂದೇ ದುಂಡುಮೇಜಿನ ಸುತ್ತ ಕುಳಿತರು. ಮೊದಲ ಸುತ್ತಿನಲ್ಲಿ ಎಲ್ಲರಿಗೂ ಸರದಿ, ಬಳಿಕ ಮೌನಪ್ರಾರ್ಥನೆ, ಎರಡನೆಯ ಸುತ್ತಿನಲ್ಲಿ ಇತರರ ಮಾತಿನಲ್ಲಿ ತಮ್ಮನ್ನು ತಟ್ಟಿದ್ದೇನೆಂಬುದರ ನಿವೇದನೆ, ಅನಂತರವೇ ಚರ್ಚೆ.

‘ಅಭಿವ್ಯಕ್ತಿ ಸ್ವಾತಂತ್ರ್ಯ ನಮ್ಮ ಸಂವಿಧಾನದ ಹಕ್ಕಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಹೌದು, 19ನೆಯ ವಿಧಿ ಆ ಹಕ್ಕನ್ನು ನೀಡಿದೆ. ಆದರೆ ಆ ಹಕ್ಕು ಇರುವುದು ಸರ್ಕಾರ ನಮ್ಮ ಬಾಯಿ ಮುಚ್ಚಿಸದಿರಲೆಂದು. ನೆರೆಯವನ ಕಿವಿಯನ್ನು ದಿನವಿಡೀ ಗುತ್ತಿಗೆ ಹಿಡಿಯಲೆಂದಲ್ಲ. ಎಣಿಕೆಯ ಮಿತಿಗೆ ಒಂದು ವಿಶೇಷ ಗುಣವೂ ಇದೆ: ಅದು ಏನು ಹೇಳಿದಿರೆಂದು ಕೇಳುವುದಿಲ್ಲ, ಎಷ್ಟು ಸಲ ಹೇಳಿದಿರೆಂದು ಮಾತ್ರ ಕೇಳುತ್ತದೆ. ಆದುದರಿಂದ ಹೊಗಳುವವರಿಗೂ ಟೀಕಿಸುವವರಿಗೂ ಅದು ಸಮಾನ.

ಎಣಿಕೆಯಿಂದ ಆಗುವುದಾದರೂ ಏನು ಎಂದು ಮೂಗು ಮುರಿಯುವವರು ಈ ಸಂಗತಿಯನ್ನು ಗಮನಿಸಲಿ. 2018ರ ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ವಾಟ್ಸಾಪ್‌ನಲ್ಲಿ ಹರಿದಾಡಿದ ಮಕ್ಕಳ ಕಳ್ಳರ ವದಂತಿಯನ್ನು ನಂಬಿದ ಜನ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಹೊಡೆದು ಕೊಂದರು. ದೇಶದ ಬೇರೆಡೆಗಳಲ್ಲೂ ಇಂತಹ ಕೊಲೆಗಳಾಗಿದ್ದವು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಅತಿಯಾಗಿ ಹರಡಿದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕಿಳಿಸಿತು. ಅಂತಹ ಸಂದೇಶಗಳ ಹರಿದಾಟ ಶೇಕಡಾ 70ರಷ್ಟು ತಗ್ಗಿತೆಂದು ಆ ಸಂಸ್ಥೆಯೇ ಹೇಳಿತು. ಸತ್ಯವೋ ಸುಳ್ಳೋ ಎಂದು ತೀರ್ಪು ನೀಡದೆ, ಬರಿಯ ಎಣಿಕೆಯಿಂದಲೇ ಇಷ್ಟಾಯಿತು.

ಇನ್ನೊಂದು ಬದಿಯ ತಪ್ಪನ್ನೂ ಹೇಳದಿದ್ದರೆ ನನ್ನ ಮಾತು ಅರ್ಧ ಸತ್ಯವಾದೀತು. ಗದ್ದಲಕ್ಕೆ ಬೇಸತ್ತ ಕೆಲವು ಗುರುಗಳು ಸುಲಭದ ದಾರಿ ಹಿಡಿಯುತ್ತಾರೆ: ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಗುಂಪಿಗೆ ಬೀಗ ಜಡಿಯುತ್ತಾರೆ. ಆಗ ಅದು ಗುಂಪಲ್ಲ, ಸೂಚನಾ ಫಲಕ. ಧರ್ಮಸಭೆಯ ಕಾನೂನಿನ 536ನೆಯ ಕಲಮು ಧರ್ಮಕೇಂದ್ರದ ಪಾಲನಾ ಸಮಿತಿಗೆ ನೀಡಿರುವುದೇ ಕೇವಲ ಸಲಹೆಯ ಅಧಿಕಾರ. ಸಲಹೆಯ ಬಾಗಿಲನ್ನೂ ಮುಚ್ಚಿದರೆ ಜನರಿಗೆ ಉಳಿಯುವುದೇನು? ಎಲ್ಲರ ಬಾಯಿ ಮುಚ್ಚಿಸುವುದು ಶಿಸ್ತಲ್ಲ; ಎಲ್ಲರಿಗೂ ಸಮನಾಗಿ ಹಂಚುವುದು ಶಿಸ್ತು. ಆದ್ದರಿಂದ ನಿಯಮ ಗುರುಗಳಿಂದಲೇ ಆರಂಭವಾಗಲಿ: ದಿನಕ್ಕೆ ಎರಡು ಸಂದೇಶ ಎಂದರೆ ಗುರುಗಳಿಗೂ ಎರಡೇ. ಸಾವಿನ ಸುದ್ದಿ, ರಕ್ತದ ಅಗತ್ಯ, ಅಪಾಯದ ಎಚ್ಚರಿಕೆ ಎಣಿಕೆಯಿಂದ ಹೊರಗಿರಲಿ. ನಿಯಮವನ್ನು ಜನರೇ ಸಭೆ ಸೇರಿ ಒಪ್ಪಲಿ. ಎರಡು ಸಂದೇಶಗಳಲ್ಲಿ ಮುಗಿಯದ ವಿವಾದ ಭಾನುವಾರ ಪೂಜೆಯ ನಂತರ ಮುಖಾಮುಖಿಯಾಗಿ ಬಗೆಹರಿಯಲಿ. ಹೆಚ್ಚು ತಿಳಿದವರಿಗೆ ಇದರಿಂದ ಕೊಂಚ ನಷ್ಟವಾದೀತು, ನಿಜ. ಆದರೆ ತೂಗಿ ಆಡಿದ ಅವರ ಎರಡು ಮಾತುಗಳನ್ನು ಜನ ಓದುತ್ತಾರೆ; ಇಪ್ಪತ್ತನ್ನು ಓದುವುದಿಲ್ಲ.

ಅದೇ ಕೊರಿಂಥದ ಪತ್ರದಲ್ಲಿ ಪೌಲರು ಇನ್ನೊಂದು ತಪ್ಪನ್ನೂ ಖಂಡಿಸಿದರು. ಪ್ರಭುವಿನ ಭೋಜನಕ್ಕೆಂದು ಸೇರಿದಾಗ ಕೆಲವರು ಮೊದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಬಡವರು ಹಸಿದು ನೋಡುತ್ತಿದ್ದರು. ನಮ್ಮ ಹಬ್ಬದ ಪಂಕ್ತಿಯಲ್ಲಿ ಹಾಗಾಗಲು ನಾವು ಬಿಡುವುದಿಲ್ಲ. ಕೊನೆಯ ಎಲೆಗೆ ಅನ್ನ ಬೀಳುವ ಮುನ್ನ ಮೊದಲ ಎಲೆಗೆ ಎರಡನೆಯ ಸಲ ಬಡಿಸುವುದಿಲ್ಲ. ಅನ್ನಕ್ಕೆ ಸಲ್ಲುವ ಈ ನ್ಯಾಯ ಮಾತಿಗೂ ಸಲ್ಲಲಿ.