ಹೆಸರು ಬದಲಾದರೆ ಹೊಗೆ ಕಡಿಮೆಯಾದೀತೆ?

ಕಲಬುರಗಿಯ ಸಿಮೆಂಟ್ ಕಾರ್ಖಾನೆಗಳು ಒಂದೊಂದಾಗಿ ಎರಡು ಸಮೂಹಗಳ ಕೈ ಸೇರುತ್ತಿವೆ. ವಾಡಿಯ ಎಸಿಸಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. 2025ರಲ್ಲಿ ಚಿತ್ತಾಪುರದ ಓರಿಯಂಟ್ ಕೂಡ ಅದೇ ಸಮೂಹದ ಅಂಬುಜಾಕ್ಕೆ ಸೇರಿತು. ಅದೇ ವರ್ಷ ಸೇಡಂನ ಕೇಶೋರಾಂ ಘಟಕ, ಮಳಖೇಡದಲ್ಲಿ ಮೊದಲೇ ಇದ್ದ ಅಲ್ಟ್ರಾಟೆಕ್ ತೆಕ್ಕೆಗೆ ಬಂತು.

ಹೊಸ ಕಾರ್ಖಾನೆಯೆಂದರೆ ಗಣಿ, ಜಮೀನು, ಪರಿಸರ ಅನುಮತಿಗೆ ವರ್ಷಗಟ್ಟಲೆ ಅಲೆದಾಟ. ಇದ್ದದ್ದನ್ನು ಕೊಂಡರೆ ಎಲ್ಲವೂ ಒಟ್ಟಿಗೇ ಸಿಗುತ್ತದೆ. ಆದರೆ ಮಾರುವವರು ಕಡಿಮೆಯಾದಷ್ಟೂ ಮನೆ ಕಟ್ಟುವವರಿಗೆ ಆಯ್ಕೆ ಕಡಿಮೆ. ಬೆಲೆಯಲ್ಲಿ ಒಳಒಪ್ಪಂದದ ಆರೋಪದ ಮೇಲೆ ಸ್ಪರ್ಧಾ ಆಯೋಗ 2012ರಲ್ಲಿ ಸಿಮೆಂಟ್ ಕಂಪನಿಗಳಿಗೆ ಸುಮಾರು 6,300 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ.

ಎರಡೂ ಸಮೂಹಗಳು 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ ಹೇಳುತ್ತಿವೆ. ಸೌರ ವಿದ್ಯುತ್ ಒಳ್ಳೆಯದೇ. ಆದರೆ ಸಿಮೆಂಟ್‌ನ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಕಾದ ಸುಣ್ಣದಕಲ್ಲಿನಿಂದಲೇ. ಹಾರುಬೂದಿ, ಸ್ಲ್ಯಾಗ್ ಬೆರೆಸಿ ಕ್ಲಿಂಕರ್ ಪ್ರಮಾಣ ಇಳಿಸುವುದು ಹೆಚ್ಚು ಮುಖ್ಯ. ಹಾಗೆ ಮಾಡಿ ಪ್ರತಿ ಟನ್ನಿನ ಲೆಕ್ಕ ಇಳಿದರೂ, ಉತ್ಪಾದನೆ ಅದಕ್ಕಿಂತ ವೇಗವಾಗಿ ಏರಿದರೆ ಒಟ್ಟು ಹೊರಸೂಸುವಿಕೆ ಹೆಚ್ಚುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸರಳ: ಕಂಪನಿಯ ಸರಾಸರಿ ಸಾಲದು. ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಒಂದೊಂದು ಕಾರ್ಖಾನೆಯ ಒಟ್ಟು ಲೆಕ್ಕವೂ ಪ್ರತಿವರ್ಷ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಲಿ. ದೂಳು ಕುಡಿಯುವವರಿಗೆ ಲೆಕ್ಕ ಕೇಳುವ ಹಕ್ಕಿದೆ.