ಎಂಜಿನ್ ನಿಂತ ಮೇಲಿನ ಮೂರು ನಿಮಿಷ

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ಜನವರಿಯ ಮಧ್ಯಾಹ್ನ. ಅರ್ಧ ಓಟ ಮುಗಿಸಿ ನಮ್ಮ ಕಾರು ಒಳಗೆ ಬಂತು. ಎಂಜಿನ್ ಆಫ್ ಆಯಿತು. ಮೊದಲ ಚಾಲಕ ಇಳಿದ, ಎರಡನೆಯವನು ಹತ್ತಿ ಬೆಲ್ಟ್ ಬಿಗಿದುಕೊಂಡ. ಇಷ್ಟಕ್ಕೆ ಕೊಡುವುದು ಮೂರು ನಿಮಿಷ. ಅಷ್ಟೂ ಹೊತ್ತು ನಮ್ಮ ಎಲೆಕ್ಟ್ರಿಕ್ ವಾಟರ್ ಪಂಪಿನ ಗುಂಯ್ ಸದ್ದು ಕೇಳುತ್ತ ನಾನು ಹೆಮ್ಮೆಯಿಂದ ನಿಂತಿದ್ದೆ. ಎಂಜಿನ್ ನಿಂತರೂ ನೀರು ಸುತ್ತುತ್ತಿತ್ತು. ಉಷ್ಣಾಂಶ 96 ಡಿಗ್ರಿಯಿಂದ 84ಕ್ಕೆ ಇಳಿದಿತ್ತು. ಚಾಲಕ ಸ್ಟಾರ್ಟ್ ಬಟನ್ ಒತ್ತಿದ. ಟಕ್ ಎಂದಿತು. ಮತ್ತೊಮ್ಮೆ ಟಕ್. ಆಮೇಲೆ ಅದೂ ಇಲ್ಲ.

ಒಂದು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಫಾರ್ಮುಲಾ ಭಾರತ್ ಎಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂಟಿ ಸೀಟಿನ ರೇಸ್ ಕಾರನ್ನು ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ ಓಡಿಸುವ ಸ್ಪರ್ಧೆ. ಅದರಲ್ಲಿ ಹೆಚ್ಚು ಅಂಕ ಇರುವುದು ಎಂಡ್ಯೂರೆನ್ಸ್ ಓಟಕ್ಕೆ. ಸುಮಾರು 22 ಕಿಲೋಮೀಟರ್, ಇಬ್ಬರು ಚಾಲಕರು, ನಡುವೆ ಬದಲಾವಣೆ. ಬದಲಾವಣೆಯ ಹೊತ್ತಿನಲ್ಲಿ ಎಂಜಿನ್ ಆರಿಸಲೇಬೇಕು. ಕಾದ ಎಂಜಿನ್ ಮತ್ತೆ ಹೊತ್ತಿಕೊಳ್ಳದೆ ಅಲ್ಲೇ ನಿಂತುಹೋದ ಕಾರುಗಳು ನಮ್ಮದೊಂದೇ ಅಲ್ಲ.

ಹಾಸನದ ಒಂದು ಕಾಲೇಜಿನ ನಮ್ಮ ತಂಡದಲ್ಲಿ ಕೂಲಿಂಗ್ ಕೆಲಸ ನಾಲ್ವರದು. ಒಬ್ಬ ಹೊಳೆನರಸೀಪುರದಿಂದ ದಿನಾ ರೈಲಿನಲ್ಲಿ ಬರುವವನು. ಒಬ್ಬಳು ಚನ್ನರಾಯಪಟ್ಟಣದವಳು, ಎಲೆಕ್ಟ್ರಿಕಲ್ಸ್ ವಿಭಾಗ. ಒಬ್ಬ ಹಾಸನದವನೇ. ನಾನು ಅರಕಲಗೂಡು ತಾಲ್ಲೂಕಿನವನು. ನಮ್ಮ ತಾಲ್ಲೂಕಿಗೆ ರೈಲಿಲ್ಲ, ಬಸ್ಸೇ ಗತಿ. ಹಾಗಾಗಿ ಮೀಟಿಂಗಿಗೆ ತಡವಾಗಿ ಬರುವ ಹಕ್ಕು ನನಗಿತ್ತು. ತಡವಾಗಿ ಬಂದವನೇ ಹೆಚ್ಚು ಮಾತಾಡುತ್ತಿದ್ದೆ.

ನಮ್ಮದು ಕೆಟಿಎಂ 390 ಎಂಜಿನ್. 373 ಸಿ.ಸಿ., ಒಂದೇ ಸಿಲಿಂಡರ್. ಅದರ ವಾಟರ್ ಪಂಪು ಎಂಜಿನ್ನಿನ ಒಳಗೇ ಇದೆ. ಕ್ರ್ಯಾಂಕ್ ತಿರುಗಿದರೆ ಅದೂ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ. ಹಿಂದಿನ ವರ್ಷ ಸೀನಿಯರ್‌ಗಳ ಕಾರು ಇದೇ ಪಂಪಿನಲ್ಲಿ ಓಡಿ, ಚಾಲಕರ ಬದಲಾವಣೆಯಲ್ಲಿ ಕುದಿದು, ನೀರು ಚೆಲ್ಲಿ ಹೊರಬಿದ್ದಿತ್ತು. ಎಂಜಿನ್ ಆರಿಸಿದ ಕೂಡಲೇ ಶಾಖ ನಿಲ್ಲುವುದಿಲ್ಲ. ಸಿಲಿಂಡರ್ ಹೆಡ್ಡಿನ ಲೋಹದಲ್ಲಿ ತುಂಬಿದ ಬಿಸಿ ನಿಂತ ನೀರಿಗೆ ಇಳಿಯುತ್ತದೆ, ಮೀಟರಿನ ಮುಳ್ಳು ಮೊದಲಿಗಿಂತ ಮೇಲೇರುತ್ತದೆ. ಒಲೆ ಆರಿಸಿದರೂ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಸೀಯುವುದಿಲ್ಲವೇ, ಹಾಗೆ.

ಆದ್ದರಿಂದ ಎಲೆಕ್ಟ್ರಿಕ್ ಪಂಪು ಬೇಕೇಬೇಕು ಎಂದು ನಾನು ವಾದ ಹೂಡಿದೆ. ವಾದ ಸುಳ್ಳೇನಲ್ಲ. ಎಂಜಿನ್ನಿಗೆ ಕಟ್ಟಿದ ಪಂಪಿನ ತೊಂದರೆ ಅದರ ನಿಯತ್ತಿನಲ್ಲೇ ಇದೆ. ಐಡ್ಲಿಂಗ್‌ನಲ್ಲಿ ಸಾಕಾಗುವಷ್ಟು ನೀರು ತಳ್ಳುವುದಿಲ್ಲ, ವೇಗ ಏರಿದಾಗ ಬೇಕಾದ್ದಕ್ಕಿಂತ ಹೆಚ್ಚು ತಳ್ಳುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನ ಲೆಕ್ಕ ಹೀಗೆ: ಸುತ್ತು ಎರಡು ಪಟ್ಟಾದರೆ ನೀರು ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು, ಅದನ್ನು ತಿರುಗಿಸಲು ಬೇಕಾಗುವ ಶಕ್ತಿ ಎಂಟು ಪಟ್ಟು. 4,000 ಆರ್‌ಪಿಎಂನಲ್ಲಿ ಲೆಕ್ಕಕ್ಕೇ ಸಿಗದ ಪಂಪು 8,000ದಲ್ಲಿ ಎಂಜಿನ್ನಿನ ಜೇಬಿಗೆ ಕೈ ಹಾಕುತ್ತದೆ. ತೀರಾ ವೇಗವಾದರೆ ರೆಕ್ಕೆಗಳ ಹಿಂದೆ ಒತ್ತಡ ಕುಸಿದು ನೀರು ಆವಿಯ ಗುಳ್ಳೆಯಾಗುವುದೂ ಉಂಟು. ಆಗ ತಿರುಗಿದಷ್ಟು ನೀರು ಬರುವುದಿಲ್ಲ.

ದೊಡ್ಡವರ ಉದಾಹರಣೆಯೂ ನನ್ನ ಕೈಯಲ್ಲಿತ್ತು. ಬಿಎಂಡಬ್ಲ್ಯು 2004ರಲ್ಲಿ ತಂದ ಎನ್52 ಎಂಜಿನ್ನಿನಲ್ಲೇ 200 ವ್ಯಾಟ್‌ನ ಎಲೆಕ್ಟ್ರಿಕ್ ಪಂಪು ಕೂರಿಸಿತ್ತು. 2009ರ ಟೊಯೊಟಾ ಪ್ರಿಯಸ್‌ನ ಎಂಜಿನ್ನಿಗಂತೂ ಹೊರಗಿನ ಬೆಲ್ಟೇ ಇಲ್ಲ. ಇವೆರಡನ್ನೂ ಪ್ರೆಸೆಂಟೇಶನ್‌ನ ಮೊದಲ ಸ್ಲೈಡಿಗೇ ಹಾಕಿದೆ. ಆ ಕಾರುಗಳಲ್ಲಿ ಪಂಪಿನ ಹಿಂದೆ ಎಂಥ ಬ್ಯಾಟರಿ, ಎಂಥ ಚಾರ್ಜಿಂಗ್ ವ್ಯವಸ್ಥೆ ಇದೆ ಎಂದು ಹೇಳುವ ಸ್ಲೈಡ್ ಇರಲಿಲ್ಲ.

ಚನ್ನರಾಯಪಟ್ಟಣದವಳು ಅವತ್ತೇ ಕೇಳಿದ್ದಳು, ‘ಆಂಪಿಯರ್ ಲೆಕ್ಕ ಕೊಡ್ರೋ ಮೊದಲು.’ ‘ಕೊಡ್ತೀನಿ ಬಿಡು’ ಅಂದೆ. ಆ ‘ಬಿಡು’ ಡಿಸೆಂಬರ್‌ವರೆಗೂ ಬಂತು.

ದುಡ್ಡು ಕೂಡಿಸಿ ನಿಮಿಷಕ್ಕೆ 80 ಲೀಟರ್ ಎಂದು ಬರೆದಿದ್ದ ಒಂದು ಪಂಪು ತರಿಸಿದೆವು. (ಆ 80 ಲೀಟರ್ ಅಡ್ಡಿಯೇ ಇಲ್ಲದೆ ಹರಿದಾಗಿನ ಲೆಕ್ಕ. ರೇಡಿಯೇಟರು, ಹೋಸು, ಬಾಗು ಸೇರಿದರೆ ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಕೊಳ್ಳುವವರು ನೋಡಬೇಕಾದ್ದು ಒತ್ತಡ ಮತ್ತು ಹರಿವಿನ ಗ್ರಾಫನ್ನು, ಡಬ್ಬದ ಮೇಲಿನ ಅಂಕಿಯನ್ನಲ್ಲ.) ದಸರಾ ರಜೆಯಲ್ಲಿ ಪಂಪು, ರೇಡಿಯೇಟರು, ಬ್ಯಾಟರಿ ಎಲ್ಲವನ್ನೂ ಚೀಲದಲ್ಲಿ ಊರಿಗೆ ಹೊತ್ತು ತಂದು ಜಗಲಿಯ ಮೇಲೆ ಜೋಡಿಸಿದೆ. ಪಂಪು ಸದ್ದು ಮಾಡಿತು, ನೀರು ಬರಲಿಲ್ಲ. ಅಪ್ಪ ಶುಂಠಿ ಹೊಲದಿಂದ ಬಂದವರು ಕಾಲು ತೊಳೆಯುತ್ತ ನೋಡಿದರು.

‘ಪಂಪು ಮೇಲೈತೆ, ನೀರು ಕೆಳಗೈತೆ. ಗಾಳಿ ಹಿಡೀದೆ ಇನ್ನೇನಾದದು? ಕೆಳಗಿಡ್ಲಾ ಅದನ್ನ.’

ಕೆಳಗಿಟ್ಟೆ. ನೀರು ಬಂತು. ನಾಲ್ಕು ವರ್ಷ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವನು ನಾನು. ಬಾವಿಯ ಫುಟ್‌ವಾಲ್ವ್ ಬಿಚ್ಚಿ ಹಾಕಿದವರು ಅಪ್ಪ. ಕಾರಿನಲ್ಲೂ ಪಂಪನ್ನು ರೇಡಿಯೇಟರಿನ ತಳಕ್ಕಿಂತ ಕೆಳಗೆ ಕೂರಿಸಿದ್ದು ಆ ಮಾತಿನಿಂದಲೇ. ಅಪ್ಪ ಅಷ್ಟಕ್ಕೆ ಬಿಡಲಿಲ್ಲ.

‘ಇದಕ್ಕೆ ಕರೆಂಟ್ ಎಲ್ಲಿಂದ?’

‘ಬ್ಯಾಟರಿಯಿಂದ.’

‘ಬ್ಯಾಟ್ರಿಗೆ?’

‘ಎಂಜಿನ್ನಿಂದ ಕಣಪ್ಪ.’

‘ಹಂಗಾದ್ರೆ ನೀರೆತ್ತೋದು ಎಂಜಿನ್ನೇ ತಾನೆ? ಸುತ್ತು ಬಳಸಿ ಎತ್ತದೆ, ಅಷ್ಟೇಯ.’

ನಮ್ಮ ಹೊಲದಲ್ಲಿ ತ್ರೀ ಫೇಸ್ ಮೋಟಾರಿದೆ. ಆದರೂ ಅಪ್ಪ ಹಳೆಯ ಡೀಸೆಲ್ ಎಂಜಿನ್ನನ್ನು ಗುಜರಿಗೆ ಹಾಕಿಲ್ಲ. ಕರೆಂಟು ಪಾಳಿಯ ಮೇಲೆ, ಬಹಳ ಸಲ ರಾತ್ರಿ ಹೊತ್ತಿನಲ್ಲಿ ಬರುತ್ತದೆ. ತಂಬಾಕಿನ ಸಸಿ ಮಡಿಗೆ ಹಗಲು ನೀರು ಬೇಕಾದಾಗ ಡೀಸೆಲ್ಲೇ ದಿಕ್ಕು. ಮೋಟಾರಿನ ಗುಣ ಅವರಿಗೆ ಗೊತ್ತು. ಅದನ್ನು ತಿರುಗಿಸುವ ಕರೆಂಟು ಯಾವಾಗ ಬರುತ್ತದೆ ಎಂಬುದೂ ಗೊತ್ತು. ನನಗೆ ಮೊದಲನೆಯದು ಮಾತ್ರ ಗೊತ್ತಿತ್ತು.

ಎಂಜಿನ್ನಿನ ಒಳಪಂಪಿನ ರೆಕ್ಕೆ ತೆಗೆದು ಎಲೆಕ್ಟ್ರಿಕ್ ಕೂರಿಸಿದೆವು. ಕಾಲೇಜಿನ ಹಿಂದಿನ ಮೈದಾನದಲ್ಲಿ ಐದೈದು ನಿಮಿಷದ ಓಟಗಳಲ್ಲಿ ಎಲ್ಲ ಚೆನ್ನಾಗಿತ್ತು. ಪೂರ್ತಿ 22 ಕಿಲೋಮೀಟರ್ ಒಮ್ಮೆಯೂ ಓಡಿಸಿ ನೋಡಲಿಲ್ಲ. ಮುಂದಿನದು ಮೇಲೆ ಹೇಳಿದೆ.

ಕಾರಣ ಅವತ್ತೇ ಗೊತ್ತಾಗಲಿಲ್ಲ. ‘ಸ್ಟಾರ್ಟರ್ ಹೋಗಿತ್ತು’ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದೆ. ರೆಸ್ಯುಮೆಯಲ್ಲಿ ‘ರೇಸ್ ಕಾರಿಗೆ ಎಲೆಕ್ಟ್ರಿಕ್ ಕೂಲಿಂಗ್ ವ್ಯವಸ್ಥೆಯ ವಿನ್ಯಾಸ’ ಎಂಬ ಸಾಲು ದಪ್ಪಕ್ಷರದಲ್ಲೇ ಇತ್ತು. ಬೆಂಗಳೂರಿನ ಪೀಣ್ಯದ ಒಂದು ಕಂಪನಿಯ ಸಂದರ್ಶನದಲ್ಲಿ, ಕನ್ನಡಕ ಹಣೆಗೇರಿಸಿದ್ದ ಹಿರಿಯರೊಬ್ಬರು ಆ ಸಾಲಿನ ಮೇಲೆ ಪೆನ್ನಿಟ್ಟು ಎರಡೇ ಪ್ರಶ್ನೆ ಕೇಳಿದರು. ಪಂಪು ಎಷ್ಟು ಆಂಪಿಯರ್ ಎಳೆಯುತ್ತಿತ್ತು? ಆ ಹೊತ್ತಿಗೆ ನಿಮ್ಮ ಚಾರ್ಜಿಂಗ್ ಎಷ್ಟಿತ್ತು? ಮೊದಲನೆಯದಕ್ಕೆ ಡಬ್ಬದ ಮೇಲಿನ ಅಂಕಿ ಹೇಳಿದೆ. ಎರಡನೆಯದಕ್ಕೆ ಸುಮ್ಮನಾದೆ. ಅವರು ಬಯ್ಯಲಿಲ್ಲ, ಮುಂದಿನ ಹಾಳೆ ತಿರುವಿದರು. ಕೆಲಸ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವರನ್ನು ದೂರಲಾರೆ.

ವಾಪಸ್ ಬಂದವನು ಒಂದು ಕ್ಲ್ಯಾಂಪ್ ಮೀಟರ್ ಕೊಂಡೆ. ಮನೆ ವೈರಿಂಗ್‌ನವರ ಬಳಿ ಇರುವ ಕಡಿಮೆ ಬೆಲೆಯ ಮೀಟರುಗಳು ಸಾಮಾನ್ಯವಾಗಿ ಎ.ಸಿ. ಮಾತ್ರ ಅಳೆಯುತ್ತವೆ, ಕಾರಿಗೆ ಡಿ.ಸಿ. ಅಳೆಯುವುದೇ ಬೇಕು. ಚನ್ನರಾಯಪಟ್ಟಣದವಳನ್ನು ಕರೆದೆ. ಬಂದಳು, ‘ಆವಾಗಲೇ ಹೇಳಿದ್ದೆ’ ಎಂಬ ಮಾತು ಬಾಯಿಂದ ಬರಲಿಲ್ಲ, ಮುಖದಲ್ಲಿತ್ತು. ಇಬ್ಬರೂ ಒಂದು ಮಧ್ಯಾಹ್ನ ಕೂತು ಒಂದೊಂದೇ ವೈರ್ ಅಳೆದೆವು.

ಪೆಟ್ರೋಲ್ ಪಂಪು, ಇಸಿಯು, ಇಗ್ನಿಷನ್ ಸೇರಿ 8 ಆಂಪಿಯರ್. ರೇಡಿಯೇಟರ್ ಫ್ಯಾನು 10. ವಾಟರ್ ಪಂಪು 7.5. ಒಟ್ಟು 25.5. ತಿರುವುಗಳೇ ಹೆಚ್ಚಿರುವ ಓಟದಲ್ಲಿ ಎಂಜಿನ್ ಕೊಡುತ್ತಿದ್ದುದು ಸರಾಸರಿ 18. ಕೊರತೆ 7.5, ಅಂದರೆ ಸರಿಯಾಗಿ ನಮ್ಮ ಪಂಪಿನಷ್ಟೇ! ಮೊದಲರ್ಧ ಓಟದ 12 ನಿಮಿಷದಲ್ಲಿ ಬ್ಯಾಟರಿಯಿಂದ 1.5 ಆಂಪಿಯರ್-ಅವರ್ ಹೋಯಿತು. ಅದಕ್ಕೂ ಮುಂಚೆ, ಅಭ್ಯಾಸ ಮುಗಿಸಿ ಸಾಲಿನಲ್ಲಿ ನಿಂತಾಗ ಐದು ನಿಮಿಷ ಪಂಪು, ಫ್ಯಾನು ಎರಡನ್ನೂ ಓಡಿಸಿದ್ದೆವು, ಸುಮಾರು 1.5. ಬದಲಾವಣೆಯ ಮೂರು ನಿಮಿಷಕ್ಕೆ 0.9. ಒಟ್ಟು 3.9. ತೂಕ ಉಳಿಸಲೆಂದು ನಾವೇ ಹಾಕಿದ್ದ ಬ್ಯಾಟರಿ 5 ಆಂಪಿಯರ್-ಅವರ್‌ನದು. ಉಳಿದ ಐದನೇ ಒಂದು ಪಾಲಿನಲ್ಲಿ ಬಿಸಿ ಸಿಲಿಂಡರನ್ನು ತಿರುಗಿಸುವ ಕಸುವಿರಲಿಲ್ಲ. ನನ್ನನ್ನು ಖುಷಿಪಡಿಸಿದ ಆ ಗುಂಯ್ ಸದ್ದೇ ಸ್ಟಾರ್ಟರಿನ ಪಾಲನ್ನು ಕುಡಿದಿತ್ತು.

ಅದೇ ಮಧ್ಯಾಹ್ನ ಇನ್ನೊಂದು ಸಂಗತಿ ಹೊರಬಂತು. ಹೊಳೆನರಸೀಪುರದವನು ಸೀನಿಯರ್‌ಗಳ ಹಳೆಯ ರೇಡಿಯೇಟರ್ ಮುಚ್ಚಳವನ್ನು ಒತ್ತಡದ ಪಂಪಿಗೆ ಸಿಕ್ಕಿಸಿ ನೋಡಿದ. ಅದರ ಮೇಲೆ 1.1 ಬಾರ್ ಎಂದು ಅಚ್ಚಾಗಿದೆ. ಅರ್ಧ ಬಾರ್‌ಗೇ ಬಾಯಿ ಬಿಡುತ್ತಿತ್ತು! ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳ 1.1 ಬಾರ್ ಹಿಡಿದುಕೊಂಡರೆ ಅದು 120ರ ಹತ್ತಿರ ಹೋಗುತ್ತದೆ, ಅರ್ಧಕ್ಕೇ ಬಿಟ್ಟರೆ 110ರಲ್ಲೇ ಕುದಿ. ಈ ಸ್ಪರ್ಧೆಯಲ್ಲಿ ಕೂಲಂಟ್ ಹಾಕುವಂತಿಲ್ಲ, ಬರೀ ನೀರು ಮಾತ್ರ. ಆದ್ದರಿಂದ ಮುಚ್ಚಳದ ಮೇಲೆಯೇ ಎಲ್ಲ ಭಾರ. ಸೀನಿಯರ್‌ಗಳ ಕಾರನ್ನು ಕೆಡವಿದ್ದು ಪಂಪಲ್ಲ, ಮುಚ್ಚಳದ ಸವೆದ ಸ್ಪ್ರಿಂಗು ಎಂದು ಈಗ ನನ್ನ ಬಲವಾದ ಅನುಮಾನ. ಕೆಲವು ನೂರು ರೂಪಾಯಿಯ ಆ ಭಾಗವನ್ನು ಯಾರೂ ಪರೀಕ್ಷಿಸಲಿಲ್ಲ. ಏಕೆಂದರೆ ಮುಚ್ಚಳದ ಬಗ್ಗೆ ಸ್ಲೈಡ್ ಮಾಡಿದರೆ ತೀರ್ಪುಗಾರರು ತಲೆಯೆತ್ತಿಯೂ ನೋಡುವುದಿಲ್ಲ ಎಂದು ನಮಗೆ ನಾವೇ ಅಂದುಕೊಂಡಿದ್ದೆವು.

ಹಾಸನದ ಗ್ಯಾರೇಜೊಂದರಲ್ಲಿ ಈಗ ದಿನಗೂಲಿಗೆ ಕೈ ಮಸಿ ಮಾಡಿಕೊಳ್ಳುತ್ತಿದ್ದೇನೆ. ಸ್ವಿಫ್ಟ್, ಪೋಲೊಗಳಿಗೆ ರೀಮ್ಯಾಪ್ ಮಾಡಿಸಿಕೊಂಡು, ‘ಬ್ರೋ, ಎಲೆಕ್ಟ್ರಿಕ್ ವಾಟರ್ ಪಂಪ್ ಹಾಕ್ಸೋಣ್ವಾ’ ಎಂದು ಕೇಳುವ ಹುಡುಗರು ಬರುತ್ತಾರೆ. ನಾನು ಬೇಡ ಅನ್ನುತ್ತೇನೆ. ಓನರಿಗೆ ಇದು ಹಿಡಿಸುವುದಿಲ್ಲ. ಶಿರಾಡಿ ಘಾಟಿ ಹತ್ತುವಾಗ ಬಿಸಿಯಾಗುವ ಕಾರಿಗೆ ಮೊದಲು ನೋಡಬೇಕಾದ್ದು ರೇಡಿಯೇಟರಿನ ಕೆಸರು, ಮುಚ್ಚಳ, ಥರ್ಮೋಸ್ಟಾಟು, ಫ್ಯಾನಿನ ರಿಲೇ. ಕಂಪನಿಯ ಮೆಕ್ಯಾನಿಕಲ್ ಪಂಪಿಗೆ ಫ್ಯೂಸಿಲ್ಲ, ವೈರಿಲ್ಲ, ಕಂಟ್ರೋಲರಿಲ್ಲ. ಕೆಡುವ ಮೊದಲು ಸಾಮಾನ್ಯವಾಗಿ ಸೋರಿಯೋ ಕಿರುಗುಟ್ಟಿಯೋ ಸೂಚನೆ ಕೊಡುತ್ತದೆ. ಎಲೆಕ್ಟ್ರಿಕ್ ಪಂಪಿನ ಫ್ಯೂಸು ಹೋದರೆ ಮುಳ್ಳು ಕೆಂಪು ಮುಟ್ಟುವ ತನಕ ಸುಳಿವೇ ಇಲ್ಲ. ಡ್ರ್ಯಾಗ್ ರೇಸಿನವರ ಮಾತು ಬೇರೆ. ಅವರು ಓಡುವುದು ಕೆಲವೇ ಸೆಕೆಂಡು. ಎರಡು ಓಟದ ನಡುವೆ ಎಂಜಿನ್ ಆರಿಸಿ, ಚಾರ್ಜರ್ ಸಿಕ್ಕಿಸಿ, ಪಂಪು ಓಡಿಸಿ ತಣಿಸಿಕೊಳ್ಳಬಹುದು. ಅವರಿಗೆ ಎಲೆಕ್ಟ್ರಿಕ್ಕೇ ಸರಿ.

ನಮ್ಮ ಸ್ಪರ್ಧೆಗೂ ಅದು ತಪ್ಪಾಗಿರಲಿಲ್ಲ. ಬ್ಯಾಟರಿ ಹಿರಿದಾಗಿದ್ದರೆ, ಅಥವಾ ಬಿಸಿ ಕಡಿಮೆಯಿದ್ದಾಗ ಪಂಪನ್ನು ನಿಧಾನ ತಿರುಗಿಸುವ ಕಂಟ್ರೋಲರ್ ಇದ್ದಿದ್ದರೆ ಆ ಕಾರು ಓಟ ಮುಗಿಸುತ್ತಿತ್ತೇನೋ. ನಾವು ಪಂಪನ್ನು ಆರಿಸಿಯಾದ ಮೇಲೆ ಕಾರಣ ಹುಡುಕಿದೆವು. ಬಿಸಿ ಏರುವುದು ಯಾವಾಗ, ಆಗ ಕರೆಂಟು ಎಲ್ಲಿಂದ ಬರುತ್ತದೆ ಎಂಬುದು ಮೊದಲು ಕಾಗದದ ಮೇಲೆ ಬರಬೇಕಿತ್ತು.

ಈ ವರ್ಷದ ಜೂನಿಯರ್‌ಗಳು ಕಳೆದ ವಾರ ಫೋನ್ ಮಾಡಿದ್ದರು. ಎಂಜಿನ್ನಿನ ಪಂಪನ್ನು ಹಾಗೇ ಉಳಿಸಿಕೊಂಡು, ಬದಲಾವಣೆಯ ಮೂರು ನಿಮಿಷಕ್ಕೆ ಮಾತ್ರ ಓಡುವ ಚಿಕ್ಕ ಎಲೆಕ್ಟ್ರಿಕ್ ಪಂಪು ಸೇರಿಸುವ ಯೋಚನೆ ಅವರದು. ಟರ್ಬೊ ಇರುವ ಎಷ್ಟೋ ಕಾರುಗಳಲ್ಲಿ ಎಂಜಿನ್ ನಿಂತ ಮೇಲೆ ಹೀಗೆ ಓಡುವ ಪುಟ್ಟ ಪಂಪಿದೆ. ನಿಂತ ಸೆಂಟ್ರಿಫ್ಯೂಗಲ್ ಪಂಪಿನ ಮೂಲಕ ನೀರು ಹಾಯುತ್ತದೆ, ಹಾಗಾಗಿ ಆಗದ ಮಾತಲ್ಲ. ‘ಎಷ್ಟು ಆಂಪಿಯರ್?’ ಎಂದು ಕೇಳಿದೆ. ಆ ಕಡೆ ಸದ್ದಿಲ್ಲ. ಭಾನುವಾರ ಕ್ಲ್ಯಾಂಪ್ ಮೀಟರ್ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ. ಬೇಗ ವಾಪಸ್ ಕೊಡಿ ಅಂದಿದ್ದೇನೆ. ಹೊಸ ಮುಚ್ಚಳವನ್ನೂ ಪರೀಕ್ಷಿಸಿ ಅಂದಿದ್ದೇನೆ.